ಮುಂದಿನ ಸಭೆಗೆ ಮುಂದೂಡಿದೆ

ನಮ್ಮ ಅಪಾರ್ಟ್‌ಮೆಂಟಿನ ಮಾಲೀಕರ ಸಂಘದ ನಡವಳಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಬಹುಶಃ ನಾನೊಬ್ಬನೇ. ಓದುವ ಹಂಬಲದಿಂದ ಓದಿದ್ದಲ್ಲ. ಎರಡು ವರ್ಷ ಕಾಲ ಅದನ್ನು ಬರೆದವನೂ ನಾನೇ ಆಗಿದ್ದರಿಂದ ಓದದೆ ವಿಧಿಯಿರಲಿಲ್ಲ. ಬೆಂಗಳೂರಿನ ದಕ್ಷಿಣದಲ್ಲಿ ನೂರಿಪ್ಪತ್ತು ಮನೆಗಳ ಕಟ್ಟಡ ನಮ್ಮದು. ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಮನೆಯಲ್ಲಿ ಕುಳಿತವನೊಬ್ಬ ಕಣ್ಣಿಗೆ ಬಿದ್ದರೆ ಇಂಥ ಸಂಘಗಳು ಸುಮ್ಮನೆ ಬಿಡುವುದಿಲ್ಲ. ಕಾರ್ಯದರ್ಶಿಯೆಂಬ ಗಂಟೆಯನ್ನು ನನ್ನ ಕೊರಳಿಗೂ ಕಟ್ಟಿದರು. ನಾನೂ ಕಟ್ಟಿಸಿಕೊಂಡೆ.

ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬಂದಿರುವ ವಾಕ್ಯ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಪುಟ ತಿರುವದೆಯೇ ಹೇಳಬಲ್ಲೆ: “ಈ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿದೆ.” ಎಷ್ಟು ಸುಖವಾದ ವಾಕ್ಯ ನೋಡಿ! ಇಲ್ಲವೆಂದು ಯಾರ ಮನಸ್ಸನ್ನೂ ನೋಯಿಸುವುದಿಲ್ಲ. ಹೌದೆಂದು ಯಾರ ಜೇಬಿಗೂ ಕೈ ಹಾಕುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಕಾಫಿ ಬರುತ್ತದೆ, ಸಭೆ ಮುಗಿಯುತ್ತದೆ.

ನನ್ನ ಎರಡು ವರ್ಷಗಳಲ್ಲಿ ಈ ವಾಕ್ಯದ ಪ್ರಸಾದವನ್ನು ಐದು ಸಲ ಪಡೆದ ವಿಷಯ ಒಂದುಂಟು. ಅದು ವಿದ್ಯುತ್ ವಾಹನಗಳಿಗೆ ಕಟ್ಟಡದಲ್ಲಿ ಎಲ್ಲರೂ ಬಳಸಬಹುದಾದ ಚಾರ್ಜಿಂಗ್ ವ್ಯವಸ್ಥೆ ಮಾಡುವ ವಿಷಯ. ಐದು ಸಲವೂ ಮುಂದೂಡಿದ್ದೇವೆ. ಐದು ಸಲವೂ ಬರೆದ ಕೈ ನನ್ನದು. ಆದ್ದರಿಂದ ಮುಂದೆ ನಾನು ಬರೆಯುವ ಕಟು ಮಾತುಗಳಲ್ಲಿ ಮೊದಲ ಪಾಲು ನನಗೇ ಸಲ್ಲಬೇಕು. ಉಳಿದದ್ದನ್ನು ಸಮಿತಿಯ ಮಹನೀಯರು ಸಮನಾಗಿ ಹಂಚಿಕೊಳ್ಳಬಹುದು.

ನಡೆದ ಸಂಗತಿ ಇಷ್ಟು. ಮೂರನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದ ಹೆಣ್ಣುಮಗಳೊಬ್ಬಳು ಆಸ್ಪತ್ರೆಯೊಂದರಲ್ಲಿ ನರ್ಸು. ಹೋಗಿಬರುವುದು ದಿನಕ್ಕೆ ಮೂವತ್ತೈದು ಕಿಲೋಮೀಟರು. ಸಾಲ ಮಾಡಿ ಒಂದು ವಿದ್ಯುತ್ ಸ್ಕೂಟರು ಕೊಂಡಳು. ನೂರು ರೂಪಾಯಿ ದಾಟಿದ ಪೆಟ್ರೋಲಿನಲ್ಲಿ ಅಷ್ಟು ದೂರಕ್ಕೆ ಎಪ್ಪತ್ತು ಎಂಬತ್ತು ರೂಪಾಯಿ ಬೇಕು. ವಿದ್ಯುತ್ತಿನಲ್ಲಾದರೆ ಒಂದೂವರೆ ಯೂನಿಟ್ಟು, ಹತ್ತು ರೂಪಾಯಿಯ ಆಸುಪಾಸು. ತಿಂಗಳಿಗೆ ಒಂದೂವರೆ ಸಾವಿರಕ್ಕೂ ಮೇಲೆ ಉಳಿತಾಯ. ಊರಿನಲ್ಲಿರುವ ತಾಯಿಗೆ ಹಣ ಕಳಿಸುವ ಮಗಳಿಗೆ ಅದು ಸಣ್ಣ ಮೊತ್ತವಲ್ಲ. ಆ ಸ್ಕೂಟರಿನ ಬ್ಯಾಟರಿ ಕಳಚಿ ಮನೆಗೆ ಒಯ್ಯುವಂಥದ್ದಲ್ಲ, ಗಾಡಿಯೊಳಗೇ ಕೂತಿರುವಂಥದ್ದು. ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಪ್ಲಗ್ ಪಾಯಿಂಟು ಇರಲಿಲ್ಲ. ಆಕೆ ಏನು ಮಾಡಬೇಕು? ಅಡಿಗೆಮನೆಯ ಕಿಟಕಿಯಿಂದ ಒಂದು ಉದ್ದನೆಯ ವೈರು ಇಳಿಬಿಟ್ಟು, ಗಾಡಿಯನ್ನು ಕೆಳಗೆ ಗೋಡೆಯ ಪಕ್ಕ ನಿಲ್ಲಿಸಿ, ರಾತ್ರಿ ಚಾರ್ಜು ಮಾಡತೊಡಗಿದಳು.

ಮೂರು ಮಹಡಿಯಿಂದ ಜೋತುಬಿದ್ದ ವೈರು ಅಪಾಯದ್ದು. ಅದರಲ್ಲಿ ಎರಡು ಮಾತಿಲ್ಲ. ಮಳೆ ಬಂದರೆ ಇನ್ನೂ ಅಪಾಯದ್ದು. ಸಮಿತಿ ಒಡನೆ ಎಚ್ಚೆತ್ತಿತು. ಚಾರ್ಜಿಂಗ್ ವ್ಯವಸ್ಥೆಯ ವಿಷಯಕ್ಕೆ ಐದು ಸಭೆ ಸಾಲದೆ ಹೋದ ನಮಗೆ, ವೈರು ಕತ್ತರಿಸಿ ಐದು ಸಾವಿರ ರೂಪಾಯಿ ದಂಡ ಹಾಕಲು ಸಭೆಯೇ ಬೇಕಾಗಲಿಲ್ಲ. ಸಂಜೆ ಫೋನಿನಲ್ಲೇ ತೀರ್ಮಾನವಾಯಿತು. ಬೆಳಿಗ್ಗೆ ನೋಟೀಸು ಹೋಯಿತು. ಕೆಳಗೆ ನನ್ನ ಸಹಿ.

ಆಕೆ ನೋಟೀಸು ಹಿಡಿದು ನಮ್ಮ ಬಾಗಿಲಿಗೆ ಬಂದಳು. ರಾತ್ರಿ ಪಾಳಿ ಮುಗಿಸಿ ಬಂದ ಮುಖ. ಜಗಳ ಮಾಡಲಿಲ್ಲ. “ಸಾರ್, ನಾನು ಕರೆಂಟು ಕದ್ದಿಲ್ಲ. ವೈರು ನನ್ನ ಮನೆ ಮೀಟರಿನದೇ. ಅಲ್ಲಿ ಹಾಕಬಾರದು ಅಂತೀರಿ, ಸರಿ. ಎಲ್ಲಿ ಹಾಕಬೇಕು ಅಂತ ನೀವೇ ಹೇಳಿ ಸಾರ್, ಅಲ್ಲೇ ಹಾಕ್ತೀನಿ” ಎಂದಳು.

ನಾನು ಏನು ಹೇಳಿದೆನೆಂಬುದನ್ನು ಓದುಗರು ಊಹಿಸಿರಬಹುದು. ಮುಂದಿನ ಸಭೆಯಲ್ಲಿ ನೋಡೋಣ ಎಂದೆ. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ನನ್ನ ಮನೆಯವಳು, ಆಕೆ ಹೋದ ಮೇಲೆ, “ಆ ಹುಡುಗಿ ಜಾಗ ಕೇಳಿದರೆ ನೀವು ತಾರೀಖು ಕೊಟ್ಟಿರಲ್ಲ” ಎಂದಳು. ನಾನು ಪತ್ರಿಕೆ ಅಡ್ಡ ಹಿಡಿದೆ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ಅದನ್ನು ಹೇಳದಿದ್ದರೆ ನಾನು ಬರೆಯಲು ಕುಳಿತದ್ದೇ ವ್ಯರ್ಥ. ಅದೇ ನೆಲಮಾಳಿಗೆಯಲ್ಲಿ, ಅದೇ ದಿನಗಳಲ್ಲಿ, ಆರು ಮಂದಿ ಮಾಲೀಕರು ತಮ್ಮ ತಮ್ಮ ಕಾರಿನ ಜಾಗಕ್ಕೆ ತಮ್ಮ ತಮ್ಮ ಮೀಟರಿನಿಂದ ದಪ್ಪ ಕೇಬಲ್ಲು ಎಳೆಸಿಕೊಂಡು, ಗೋಡೆಗೆ ಸೊಗಸಾದ ಚಾರ್ಜರು ಬಿಗಿಸಿಕೊಂಡಿದ್ದರು. ಅವರಲ್ಲಿ ಒಬ್ಬರು ಸಮಿತಿಯವರೇ. ಅವರಿಗೆ ದೊರೆತದ್ದು ‘ಮೌಖಿಕ ಅನುಮತಿ’. ಕೆಲಸ ಅಚ್ಚುಕಟ್ಟಾಗಿಯೇ ಆಗಿದೆ, ಅಪಾಯವಿಲ್ಲ, ಒಪ್ಪುತ್ತೇನೆ. ಆದರೆ ಅಚ್ಚುಕಟ್ಟನ್ನು ದುಡ್ಡು ಕೊಟ್ಟು ಕೊಳ್ಳಬಲ್ಲವನಿಗೆ ಮೌಖಿಕ ಅನುಮತಿ, ಕೊಳ್ಳಲಾರದವಳಿಗೆ ಲಿಖಿತ ದಂಡ ಎಂದಾಯಿತಲ್ಲ, ಇದು ಯಾವ ನ್ಯಾಯ? ಬಾಡಿಗೆಯವಳು ಸಂಘದ ಸದಸ್ಯಳಲ್ಲವಂತೆ. ಅವಳ ಮನೆಯ ಒಡೆಯರು ಪರಊರಿನಲ್ಲಿದ್ದಾರಂತೆ. ಅವರು ಅರ್ಜಿ ಕೊಡಬೇಕಂತೆ. ಅವರು ಕೊಡಲಿಲ್ಲ. ಆಕೆ ಎರಡು ತಿಂಗಳು ಕಾದು, ಮನೆ ಖಾಲಿ ಮಾಡಿ ಹೋದಳು. ದಂಡದ ಐದು ಸಾವಿರ ಸಂಘದ ಲೆಕ್ಕದಲ್ಲಿ ಜಮೆಯಾಗಿದೆ.

ಇನ್ನು ನಮ್ಮ ಸಮಿತಿಯವರ ಆಕ್ಷೇಪಣೆಗಳನ್ನು ನೋಡೋಣ. ಇವು ನಮ್ಮ ಕಟ್ಟಡದ ಸ್ವಂತ ಸೊತ್ತಲ್ಲ. ಈ ನಗರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಇದೇ ನಾಲ್ಕೈದು ಮಾತುಗಳು ಇದೇ ಕ್ರಮದಲ್ಲಿ ಕೇಳಿಬರುತ್ತವೆ.

ಮೊದಲನೆಯದು, ‘ಲೋಡು ಸಾಲದು’ ಎಂಬುದು. ಈ ಮಾತಿಗೆ ಒಂದು ಗಾಂಭೀರ್ಯವುಂಟು. ತಾಂತ್ರಿಕ ಶಬ್ದ ಕೇಳಿದೊಡನೆ ನಮ್ಮಂಥವರು ಬಾಯಿ ಮುಚ್ಚುತ್ತೇವೆ. ನಾನೂ ಮುಚ್ಚಿದ್ದೆ. ಆಮೇಲೆ ಬ್ಯಾಂಕಿನ ಹಳೆಯ ಅಭ್ಯಾಸ ಬಿಡದೆ ಕಾಗದ ಪೆನ್ಸಿಲು ಹಿಡಿದೆ. ನಾಳೆ ನಮ್ಮಲ್ಲಿ ನಲವತ್ತು ವಿದ್ಯುತ್ ಕಾರುಗಳು ಬಂದವೆನ್ನಿ. ಸಾಧಾರಣ ಹದಿನೈದು ಆಂಪಿಯರಿನ ಪಾಯಿಂಟಿನಿಂದ ಒಂದು ಕಾರು ಎಳೆಯುವುದು ಸುಮಾರು 3.3 ಕಿಲೋವಾಟು. ನಲವತ್ತೂ ಒಟ್ಟಿಗೆ ಎಳೆದರೆ 132 ಕಿಲೋವಾಟು. ಸಮಿತಿಯವರು ತೋರಿಸಿ ಹೆದರಿಸುವ ಅಂಕಿ ಇದೇ. ಅಂಕಿ ಸುಳ್ಳಲ್ಲ, ಅದರ ಹಿಂದಿರುವ ಊಹೆ ಸುಳ್ಳು. ನಲವತ್ತು ಮಂದಿಯೂ ಒಂದೇ ಗಳಿಗೆಯಲ್ಲಿ ಕರೆಂಟು ಎಳೆಯಬೇಕೆಂಬ ಶಾಸ್ತ್ರ ಎಲ್ಲಿದೆ?

ಬೆಂಗಳೂರಿನ ಕಾರು ದಿನಕ್ಕೆ ನಲವತ್ತು ಕಿಲೋಮೀಟರು ಓಡಿತೆಂದು ಧಾರಾಳವಾಗಿಯೇ ಹಿಡಿಯಿರಿ. ನಮ್ಮ ರಸ್ತೆಗಳಲ್ಲಿ ಅದಕ್ಕಿಂತ ಹೆಚ್ಚು ಓಡಲು ಪುಣ್ಯ ಬೇಕು. ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರು ಓಡುವ ಕಾರಿಗೆ ಆ ದಿನದ ಹಸಿವು ಆರು ಯೂನಿಟ್ಟು. ನಲವತ್ತು ಕಾರುಗಳಿಗೆ 240 ಯೂನಿಟ್ಟು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಎಂಟು ಗಂಟೆಗಳಿಗೆ ಅದನ್ನು ಹಂಚಿದರೆ ಬೇಕಾದದ್ದು 30 ಕಿಲೋವಾಟು. ತಂತಿಯಲ್ಲಿ, ಯಂತ್ರದಲ್ಲಿ ಸೋರಿಹೋಗುವ ಪಾಲನ್ನೂ ಸೇರಿಸಿ 35 ಎನ್ನಿ. ನಮ್ಮ ಮನೆಗಳ ಗೀಸರುಗಳಲ್ಲಿ ಹನ್ನೆರಡನ್ನು ಒಟ್ಟಿಗೆ ಹಾಕಿದರೆ ಆಗುವಷ್ಟು ಶಕ್ತಿ ಇದು. ಬೆಳಿಗ್ಗೆ ಏಳು ಗಂಟೆಗೆ ಅದಕ್ಕಿಂತ ಎಷ್ಟೋ ಹೆಚ್ಚು ಗೀಸರುಗಳು ಉರಿಯುತ್ತವೆ, ಕಟ್ಟಡ ಕುಸಿದಿಲ್ಲ. ನಡುರಾತ್ರಿಯಲ್ಲಾದರೋ ನೂರಿಪ್ಪತ್ತು ಮನೆಗಳ ದೀಪ ಆರಿರುತ್ತದೆ, ಕಾಂಪೌಂಡಿನ ಮೂಲೆಯ ಟ್ರಾನ್ಸ್‌ಫಾರ್ಮರು ಹೆಚ್ಚು ಕೆಲಸವಿಲ್ಲದೆ ಗುಂಯ್ಗುಡುತ್ತಿರುತ್ತದೆ.

ಈಗ ಇದನ್ನು ಆ ಆರು ಮಂದಿಯ ಪ್ರತ್ಯೇಕ ವ್ಯವಸ್ಥೆಯ ಪಕ್ಕ ಇಡಿ. ಗೋಡೆಗೆ ಬಿಗಿಸುವ ಚಾರ್ಜರು ಒಂದೊಂದು 7.4 ಕಿಲೋವಾಟಿನದು. ಆರು ಸೇರಿ 44 ಕಿಲೋವಾಟಿಗೂ ಮೇಲೆ. ಅಂದರೆ ಆರು ಮಂದಿ ತಮ್ಮಷ್ಟಕ್ಕೆ ತಾವು ಕೇಳುವ ಶಕ್ತಿಗಿಂತ, ನಲವತ್ತು ಮಂದಿ ಹಂಚಿಕೊಂಡು ಕೇಳುವ ಶಕ್ತಿ ಕಡಿಮೆ! ನನ್ನ ವಾದವೆಲ್ಲ ಈ ಒಂದು ಲೆಕ್ಕದಲ್ಲಿದೆ. ಲೋಡು ಸಾಲದು ಎಂಬುದು ಹಂಚಿಕೆಗೆ ವಿರೋಧವಾದ ಕಾರಣವಲ್ಲ. ಹಂಚಿಕೆಗೆ ಇರುವ ಅತಿ ದೊಡ್ಡ ಕಾರಣವೇ ಅದು. ಬಾವಿಯಲ್ಲಿ ನೀರು ಕಡಿಮೆಯಿದ್ದಾಗ ಪಾಳಿ ಗೊತ್ತುಮಾಡುತ್ತಾರೆಯೇ ಹೊರತು, ಮೊದಲು ಬಂದ ಆರು ಮನೆಯವರಿಗೆ ಆರು ಪಂಪು ಇಡಲು ಬಿಟ್ಟು ಏಳನೆಯವನಿಗೆ ‘ನೀರಿಲ್ಲ, ಹೋಗು’ ಎನ್ನುವುದಿಲ್ಲ.

ಆದರೆ ನಾವು ಮಾಡುತ್ತಿರುವುದು ಅದೇ. ಒಬ್ಬೊಬ್ಬರಾಗಿ ಕೇಳಿದವರಿಗೆ ಒಬ್ಬೊಬ್ಬರಾಗಿ ತಲೆಯಾಡಿಸುತ್ತೇವೆ. ಇದು ಔದಾರ್ಯವೆಂದು ಭಾವಿಸಿದ್ದೇವೆ. ಒಂದು ದಿನ ಬೆಸ್ಕಾಂನ ಇಂಜಿನಿಯರು ಬಂದು ಇನ್ನು ಈ ಟ್ರಾನ್ಸ್‌ಫಾರ್ಮರಿನಲ್ಲಿ ಎಡೆಯಿಲ್ಲ ಎನ್ನುತ್ತಾರೆ. ಆ ದಿನ ಹನ್ನೊಂದನೆಯವನೋ ಹದಿನೈದನೆಯವನೋ ನಮ್ಮ ಬಾಗಿಲಿಗೆ ಬಂದು, ನಾನೂ ಅವರಷ್ಟೇ ಮೇಂಟೆನೆನ್ಸ್ ಕೊಡುತ್ತೇನಲ್ಲ ಎಂದು ಕೇಳುತ್ತಾನೆ. ಆಗ ಸಮಿತಿ ಏನು ಹೇಳಬೇಕು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ, ಆಗ ಹಂಚಿಕೆಯ ಮಾತು ಎತ್ತಿದರೆ ಮೊದಲ ಆರು ಮಂದಿ ತಮ್ಮ ಕೇಬಲ್ಲು ಕಿತ್ತುಕೊಡುತ್ತಾರೆಯೇ?

ಎರಡನೆಯ ಆಕ್ಷೇಪಣೆ ಬೆಂಕಿಯದು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ಹಲವು ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ; ಆರಿತೆಂದು ತಿಳಿದದ್ದು ಮತ್ತೆ ಹೊತ್ತಿಕೊಳ್ಳುವುದುಂಟು. ಆ ಅವಘಡಗಳ ತರುವಾಯ ಬ್ಯಾಟರಿಗಳ ಸುರಕ್ಷತೆಯ ನಿಯಮಗಳನ್ನು 2022ರ ಡಿಸೆಂಬರಿನಿಂದ, ಮತ್ತೆ 2023ರ ಮಾರ್ಚ್ ಕೊನೆಯಿಂದ, ಎರಡು ಹಂತಗಳಲ್ಲಿ ಬಿಗಿ ಮಾಡಿದರು. ಇಷ್ಟಾದರೂ ಭಯಪಡುವವರನ್ನು ನಾನು ಹಳಿಯುವುದಿಲ್ಲ. ಆದರೆ ಭಯಪಡುವವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ನಾವು ವ್ಯವಸ್ಥೆ ಮಾಡದಿದ್ದರೆ ಗಾಡಿಗಳು ಬರುವುದು ನಿಲ್ಲುತ್ತದೆಯೇ? ಇಲ್ಲ. ಅವು ಬಂದಿವೆ, ಬರುತ್ತಿವೆ. ನಿಲ್ಲುವುದು ವ್ಯವಸ್ಥೆ ಮಾತ್ರ. ಗಾಡಿ ಬಂದು ವ್ಯವಸ್ಥೆ ಬಾರದಿದ್ದಾಗ ಉಳಿಯುವುದು ಕಿಟಕಿಯಿಂದ ಇಳಿಬಿಟ್ಟ ವೈರು, ಪಂಪ್ ರೂಮಿನ ಪ್ಲಗ್ಗಿನಿಂದ ಕದ್ದು ಎಳೆದ ಎಕ್ಸ್‌ಟೆನ್ಷನ್ನು, ಕಳಚುವ ಬ್ಯಾಟರಿಯನ್ನು ಮಕ್ಕಳು ಮಲಗುವ ಕೋಣೆಯ ಬಾಗಿಲಲ್ಲಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡುವ ಅಭ್ಯಾಸ.

ಬೆಂಕಿಯ ಭಯ ನಿಜವಾಗಿದ್ದರೆ ಅದಕ್ಕೆ ತಕ್ಕ ಕೆಲಸವುಂಟು. ಒಂದೊಂದು ಪಾಯಿಂಟಿಗೂ ಬೇರೆ ಸರ್ಕ್ಯೂಟು, ಸರಿಯಾದ ಅರ್ಥಿಂಗು, ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ. ಎಲ್ಲವನ್ನೂ ಒಂದೇ ಸಲ ಆರಿಸಬಲ್ಲ ಒಂದು ಗುಂಡಿ ವಾಚ್‌ಮನ್ನಿನ ಕೈಗೆ ಎಟುಕುವಲ್ಲಿ. ಪಾಯಿಂಟುಗಳು ಮೆಟ್ಟಿಲಿನ ಕೆಳಗಲ್ಲ, ಇಳಿಜಾರು ದಾರಿಯ ಬಳಿ, ಗಾಳಿಯಾಡುವಲ್ಲಿ, ಅಗ್ನಿಶಾಮಕರು ಬಂದರೆ ಮುಟ್ಟಬಹುದಾದಲ್ಲಿ. ಇದಾವುದೂ ಒಬ್ಬಂಟಿಯಾಗಿ ಮಾಡಲಾಗುವ ಕೆಲಸವಲ್ಲ. ಒಟ್ಟಿಗೆ ಮಾಡಬೇಕು. ಬೆಂಕಿಗೆ ಹೆದರುವವನೇ ಹಂಚಿಕೆಯ ವ್ಯವಸ್ಥೆಗೆ ಎಲ್ಲರಿಗಿಂತ ಮೊದಲು ಕೈಯೆತ್ತಬೇಕು. ನಮ್ಮಲ್ಲಿ ಹೆದರುವವರು ಕೈಯೆತ್ತುವುದು ಮುಂದೂಡುವುದಕ್ಕೆ.

ಮೂರನೆಯದು, ‘ನನಗೆ ಕಾರೇ ಇಲ್ಲ, ನಾನೇಕೆ ದುಡ್ಡು ಕೊಡಲಿ?’ ನನಗೂ ಕಾರಿಲ್ಲ. ಮುಂದೆ ಕೊಳ್ಳುವ ವಯಸ್ಸೂ ಅಲ್ಲ. ನಮ್ಮ ನೆಲಮಹಡಿಯ ಮನೆಯವರೊಬ್ಬರು ಲಿಫ್ಟಿನ ಖರ್ಚು ತಾವೇಕೆ ಕೊಡಬೇಕೆಂದು ಕೇಳಿದಾಗ, ಇದೇ ಸಮಿತಿ ಅವರಿಗೆ ಸಹಬಾಳ್ವೆಯ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟದ್ದು ನಡವಳಿಯಲ್ಲಿದೆ. ಈಜಲು ಬಾರದ ನಾನು ಈಜುಕೊಳದ ನೀರಿಗೆ ಹಣ ಕೊಡುತ್ತಿದ್ದೇನೆ. ಆದರೂ ಇಲ್ಲಿ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಉರಿಸಿದ ಯೂನಿಟ್ಟಿನ ಹಣವನ್ನು ಉರಿಸಿದವನೇ ಕೊಡುತ್ತಾನೆ. ಪ್ರತಿಯೊಬ್ಬನ ಬಳಕೆಯನ್ನೂ ಬೇರೆ ಬೇರೆ ಅಳೆಯುವ ಮೀಟರು ಈಗ ಸಾಮಾನ್ಯ. ಗೋಡೆಯ ಪಾಯಿಂಟಿನ ಖರ್ಚೂ ಬಳಸುವವನದೇ. ಸಂಘದ್ದು ಏನಿದ್ದರೂ ಬೆನ್ನೆಲುಬು ಮಾತ್ರ: ಮೀಟರಿನ ಕೋಣೆಯಿಂದ ಪಾರ್ಕಿಂಗಿನ ಉದ್ದಕ್ಕೂ ಒಂದು ಮುಖ್ಯ ಕೇಬಲ್ಲು, ಒಂದು ಪ್ಯಾನೆಲ್ಲು, ಕರೆಂಟನ್ನು ಪಾಳಿಯಂತೆ ಹಂಚುವ ಒಂದು ನಿಯಂತ್ರಕ. ಅದು ಕಟ್ಟಡಕ್ಕೆ ಸೇರಿದ ಆಸ್ತಿ. ಇಂದು ಮನೆ ಕೊಳ್ಳಲು ಬರುವವನು ನೀರು ಕಾವೇರಿಯದೋ ಬೋರಿನದೋ ಎಂದು ಕೇಳಿದ ಹಾಗೆ, ನಾಳೆ ಬರುವವನು ಚಾರ್ಜಿಂಗ್ ಇದೆಯೋ ಎಂದು ಕೇಳುತ್ತಾನೆ.

ನಾಲ್ಕನೆಯ ಮಾತು ಕಾನೂನಿನದು. ‘ಕಾನೂನಿನಲ್ಲಿ ಅವಕಾಶವಿಲ್ಲ’ ಎಂದು ಒಬ್ಬರು ಸಭೆಯಲ್ಲಿ ಗಟ್ಟಿಯಾಗಿ ಹೇಳಿದರು. ಗಟ್ಟಿಯಾಗಿ ಹೇಳಿದ್ದರಿಂದ ನಾವು ನಂಬಿದೆವು. ಸಂಗತಿ ಹೀಗಿದೆ. ವಾಹನದ ಬ್ಯಾಟರಿಗೆ ಚಾರ್ಜು ಮಾಡುವುದು ಸೇವೆಯೇ ಹೊರತು ವಿದ್ಯುತ್ತಿನ ಮಾರಾಟವಲ್ಲ, ಅದಕ್ಕೆ ಲೈಸೆನ್ಸು ಬೇಡ ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2018ರ ಏಪ್ರಿಲಿನಲ್ಲೇ ಸ್ಪಷ್ಟಪಡಿಸಿತು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ ತಿದ್ದುಪಡಿಯಾಗಿ, ಹೊಸ ಕಟ್ಟಡಗಳ ಪಾರ್ಕಿಂಗಿನ ನೂರಕ್ಕೆ ಇಪ್ಪತ್ತು ಪಾಲಿನಷ್ಟು ಜಾಗದಲ್ಲಿ ಚಾರ್ಜಿಂಗಿಗೆ ಏರ್ಪಾಡಿರಬೇಕೆಂದು ಸೇರಿಸಿದರು. ಮನೆಯಲ್ಲಿ ಈಗಿರುವ ಸಂಪರ್ಕದಿಂದಲೇ ವಾಹನಕ್ಕೆ ಚಾರ್ಜು ಮಾಡಿಕೊಳ್ಳಬಹುದೆಂದು 2022ರ ಜನವರಿಯ ಮಾರ್ಗಸೂಚಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ವಾಹನಗಳ ಚಾರ್ಜಿಂಗಿಗೆಂದು ಪ್ರತ್ಯೇಕ ಸಂಪರ್ಕವನ್ನೇ ಕೇಳಿ ಪಡೆಯಬಹುದು. ಇನ್ನು ಜಾಗದ ಮಾತು. ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ನೆಲಮಾಳಿಗೆಯನ್ನೂ ಪಾರ್ಕಿಂಗನ್ನೂ ಸಾಮಾನ್ಯ ಪ್ರದೇಶಗಳಲ್ಲಿ ಎಣಿಸುತ್ತದೆ. ಸಾಮಾನ್ಯವೆಂದರೆ ಎಲ್ಲರದು. ಎಲ್ಲರ ಜಾಗದಲ್ಲಿ ಆರು ಮಂದಿಯ ತಂತಿ ಹಾಯಬಹುದಾದರೆ, ಎಲ್ಲರ ತಂತಿ ಏಕೆ ಹಾಯಬಾರದು?

ಹೊರನಾಡುಗಳಲ್ಲಿ ಈ ಜಗಳ ಮುಗಿದು ಬಹುಕಾಲವಾಗಿದೆ. ನಿವಾಸಿ ತನ್ನ ಖರ್ಚಿನಲ್ಲಿ ಚಾರ್ಜರು ಹಾಕಿಸಿಕೊಳ್ಳುತ್ತೇನೆಂದರೆ ಕಟ್ಟಡದ ಸಂಘ ವಿನಾಕಾರಣ ಅಡ್ಡಿ ಮಾಡಕೂಡದೆಂದು ಅಮೆರಿಕದ ಕ್ಯಾಲಿಫೋರ್ನಿಯದವರು 2011ರಲ್ಲೇ ಕಾನೂನು ಮಾಡಿದರು. ಜರ್ಮನಿಯಲ್ಲಿ 2020ರ ಡಿಸೆಂಬರಿನಿಂದ ಅದನ್ನು ಕೇಳುವುದು ಮನೆಯೊಡೆಯನ ಹಕ್ಕು. ಅಲ್ಲಿಯೂ ಸಂಘಗಳಿದ್ದವು, ಅಧ್ಯಕ್ಷರಿದ್ದರು, ಮುಂದೂಡುವವರಿದ್ದರು. ಮುಂದೂಡುವ ಹಕ್ಕಿಗೇ ಒಂದು ಮಿತಿ ಬೇಕೆಂದು ಕಂಡುದರಿಂದಲೇ ಅಂಥ ಕಾನೂನುಗಳು ಹುಟ್ಟಿದವು.

ಕೊನೆಯ ಆಕ್ಷೇಪಣೆ, ‘ಸರ್ಕಾರ ಬೀದಿಯಲ್ಲಿ ಚಾರ್ಜರು ಹಾಕುತ್ತದಲ್ಲ, ಅಲ್ಲಿಗೆ ಹೋಗಲಿ’ ಎಂಬುದು. ಬೀದಿಯ ಚಾರ್ಜರು ಬೇಕು. ದೂರ ಪ್ರಯಾಣ ಮಾಡುವವನಿಗೆ, ನಿಲ್ಲಿಸಲು ಸ್ವಂತ ಜಾಗವಿಲ್ಲದವನಿಗೆ ಅದೇ ಗತಿ. ಆದರೆ ಗಾಡಿ ಇಪ್ಪತ್ತನಾಲ್ಕು ಗಂಟೆಯಲ್ಲಿ ಹತ್ತು ಗಂಟೆ ನಿಂತಿರುವುದು ಒಡೆಯ ಮಲಗಿರುವಲ್ಲಿ. ಅಲ್ಲಿ ಒಂದು ಪಾಯಿಂಟು ಕೊಡದೆ, ಹನ್ನೆರಡು ಗಂಟೆ ದುಡಿದು ಬಂದ ಹೆಣ್ಣುಮಗಳಿಗೆ ರಾತ್ರಿ ಬೀದಿಯಲ್ಲಿ ಚಾರ್ಜರಿನ ಮುಂದೆ ಸರತಿ ನಿಲ್ಲು ಎನ್ನುವವನು, ಆ ಹೆಣ್ಣುಮಗಳು ತನ್ನ ಮಗಳಾಗಿದ್ದರೆ ಹಾಗೆನ್ನುತ್ತಿದ್ದನೇ?

ಇದೆಲ್ಲ ನಡೆಯುತ್ತಿರುವುದು ಎಂಥ ಊರಿನಲ್ಲಿ! 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ನೂರಕ್ಕೂ ಹೆಚ್ಚು ಕಿಲೋಮೀಟರು ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯ ಬೀದಿಯಲ್ಲಿ ವಿದ್ಯುದ್ದೀಪ ಹತ್ತಿತು. ಆ ಕಾಲಕ್ಕೆ ಇದು ಎಷ್ಟು ದಿಟ್ಟ ಕೆಲಸವೆಂದು ನಾವು ಶಾಲೆಯಲ್ಲಿ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಡುತ್ತೇವೆ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇದೇ ನಗರದಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂತು. ಮಿಕ್ಕವರು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲ ಅದು. ವಿದ್ಯುತ್ ವಾಹನಗಳಿಗೆಂದೇ ಒಂದು ನೀತಿಯನ್ನು 2017ರಲ್ಲಿ ಪ್ರಕಟಿಸಿ, ದೇಶದಲ್ಲಿ ಮೊದಲಿಗರೆನಿಸಿಕೊಂಡವರೂ ನಾವೇ. ಶಿವನಸಮುದ್ರದಿಂದ ಕೋಲಾರಕ್ಕೆ ತಂತಿ ಎಳೆದ ನಾಡಿನಲ್ಲಿ, ಮೀಟರಿನ ಕೋಣೆಯಿಂದ ಪಾರ್ಕಿಂಗಿಗೆ ಎಂಬತ್ತು ಅಡಿ ತಂತಿ ಎಳೆಯಲು ಐದು ಸಭೆ ಸಾಲದೆ ಹೋಯಿತು. ಶಿವನಸಮುದ್ರದ ವಿಷಯವೇನಾದರೂ ನಮ್ಮ ಸಮಿತಿಯ ಮುಂದೆ ಬಂದಿದ್ದರೆ, ಕೋಲಾರದವರು ಇಂದಿಗೂ ಲಾಂದ್ರ ಹಿಡಿದು ಗಣಿಗೆ ಇಳಿಯಬೇಕಾಗಿತ್ತು.

ನಗುವ ಮಾತಲ್ಲ. ನಮ್ಮಂಥ ಸಂಘಗಳನ್ನು ನಾನು ಹೀನಾಯವಾಗಿ ಕಾಣುವವನಲ್ಲ. ಸಂಬಳವಿಲ್ಲದೆ ದುಡಿಯುತ್ತಾರೆ, ನೀರಿನ ಟ್ಯಾಂಕರು, ಕಸ, ಲಿಫ್ಟು, ವಾಚ್‌ಮನ್ನು, ನಾಯಿಯ ಜಗಳ, ಎಲ್ಲ ಅವರ ತಲೆಯ ಮೇಲೆ. ಹೊಸದೊಂದು ತಲೆನೋವು ಬೇಡವೆಂದು ಅನ್ನಿಸುವುದು ಮನುಷ್ಯಸಹಜ. ಆದರೆ ಒಂದು ವಿಷಯದಲ್ಲಿ ನಾವು ನಮ್ಮನ್ನೇ ಮೋಸಗೊಳಿಸಿಕೊಳ್ಳುತ್ತೇವೆ. ಮುಂದೂಡಿದರೆ ಏನನ್ನೂ ನಿರ್ಧರಿಸಲಿಲ್ಲವೆಂದು ತಿಳಿಯುತ್ತೇವೆ. ಅದು ತಪ್ಪು. ನಾವು ಮುಂದೂಡಿದ ಪ್ರತಿ ಸಲವೂ ಒಂದು ನಿರ್ಧಾರ ಆಗಿಯೇ ಇತ್ತು: ದುಡ್ಡಿದ್ದವನು ತನ್ನ ದಾರಿ ನೋಡಿಕೊಳ್ಳಲಿ, ಇಲ್ಲದವನು ಕಿಟಕಿಯಿಂದ ವೈರು ಬಿಡಲಿ, ಸಿಕ್ಕಿಬಿದ್ದರೆ ದಂಡ ತೆರಲಿ. ಇದನ್ನು ಠರಾವಿನ ಮಾತಿನಲ್ಲಿ ಬರೆದು ಸಭೆಯ ಮುಂದಿಟ್ಟಿದ್ದರೆ ನಮ್ಮಲ್ಲಿ ಒಬ್ಬನೂ ಕೈ ಎತ್ತುತ್ತಿರಲಿಲ್ಲ. ಬರೆಯದೆ ಬಿಟ್ಟಿದ್ದರಿಂದ ಸರ್ವಾನುಮತದಿಂದ ಅಂಗೀಕಾರವಾಯಿತು.

ಹಾಗಾದರೆ ಏನು ಮಾಡಬೇಕು? ನಾಳೆಯೇ ಲಕ್ಷಗಟ್ಟಲೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಬೇಡಿಕೆ ಬಹಳ ಸಣ್ಣದು. ಪ್ರತಿ ಮನೆಗೆ ಒಂದು ಚೀಟಿ ಕಳಿಸಿ, ಬಾಡಿಗೆಯವರನ್ನೂ ಬಿಡದೆ. ಈಗ ವಿದ್ಯುತ್ ಗಾಡಿ ಇದೆಯೇ, ಎರಡು ಮೂರು ವರ್ಷದಲ್ಲಿ ಕೊಳ್ಳುವ ಯೋಚನೆಯಿದೆಯೇ, ಕಾರೋ ಸ್ಕೂಟರೋ, ಇಷ್ಟೇ ಪ್ರಶ್ನೆ. ಬೆಸ್ಕಾಂನವರಿಂದ ನಮ್ಮ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಎಷ್ಟು, ಮಂಜೂರಾದ ಲೋಡು ಎಷ್ಟು, ರಾತ್ರಿಯ ಹೊತ್ತು ಅದರಲ್ಲಿ ಎಷ್ಟು ಬಿಡುವಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಬಲ್ಲ ಇಂಜಿನಿಯರೊಬ್ಬರಿಂದ ಹಂಚಿಕೆಯ ವ್ಯವಸ್ಥೆಗೆ ಒಂದು ನಕ್ಷೆ, ಒಂದು ಅಂದಾಜುಪಟ್ಟಿ ತರಿಸಿ. ಅಲ್ಲಿಯವರೆಗೆ ಹೊಸ ಪ್ರತ್ಯೇಕ ಕೇಬಲ್ಲುಗಳಿಗೆ ಮೌಖಿಕ ಅನುಮತಿ ಕೊಡುವುದನ್ನು ನಿಲ್ಲಿಸಿ. ಕೊಡಲೇಬೇಕಾದರೆ, ಮುಂದೆ ಹಂಚಿಕೆಗೆ ಸೇರಬೇಕೆಂಬ ಷರತ್ತಿನ ಮೇಲೆ ಬರೆದುಕೊಡಿ. ಅಂಥ ದಿನ ಬರುವ ತನಕ ಸ್ಕೂಟರುಗಳಿಗಾದರೂ ಇಳಿಜಾರಿನ ಬಳಿ ಮೀಟರು ಇರುವ ನಾಲ್ಕು ಭದ್ರವಾದ ಪಾಯಿಂಟು ಹಾಕಿಸಿ. ಸ್ಕೂಟರಿನ ಚಾರ್ಜರು ಎಳೆಯುವುದು ಒಂದು ಇಸ್ತ್ರಿಪೆಟ್ಟಿಗೆಗಿಂತ ಹೆಚ್ಚಲ್ಲ. ಆಮೇಲೆ ಎಲ್ಲವನ್ನೂ ಮಹಾಸಭೆಯ ಮುಂದಿಟ್ಟು ಮತ ಹಾಕಿ. ಬೇಡವೆಂದು ಬಹುಮತ ಹೇಳಿದರೆ ನಾನು ತಲೆಬಾಗುತ್ತೇನೆ. ಬೇಡವೆನ್ನುವುದು ಉತ್ತರ. ಮುಂದೂಡಿದೆ ಎನ್ನುವುದು ಉತ್ತರವಲ್ಲ.

ನಾನು ಈಗ ಕಾರ್ಯದರ್ಶಿಯಲ್ಲ. ಕಳೆದ ಚುನಾವಣೆಯಲ್ಲಿ ಗಂಟೆ ಬೇರೊಬ್ಬರ ಕೊರಳಿಗೆ ಹೋಗಿದೆ. ಸದಸ್ಯನ ಹಕ್ಕಿನಿಂದ ಮೇಲಿನದನ್ನೆಲ್ಲ ಒಂದು ಅರ್ಜಿಯಾಗಿ ಬರೆದು, ನೂರಿಪ್ಪತ್ತು ಮನೆಗಳಲ್ಲಿ ಮೂವತ್ತೊಂದು ಮನೆಗಳವರ ಸಹಿ ಹಾಕಿಸಿ ಕೊಟ್ಟಿದ್ದೇನೆ. ಸಹಿ ಹಾಕಿದವರಲ್ಲಿ ಆ ಆರು ಮಂದಿಯ ಪೈಕಿ ಇಬ್ಬರಿದ್ದಾರೆ ಎಂಬುದನ್ನು ಸಂತೋಷದಿಂದ ಹೇಳಬೇಕು. ಬರುವ ಭಾನುವಾರ ಸಭೆ. ವಿಷಯಪಟ್ಟಿಯಲ್ಲಿ ನನ್ನ ಅರ್ಜಿ ಏಳನೆಯದು. ಆರನೆಯದು ಗಣೇಶೋತ್ಸವದ ಚಂದಾ. ಏಳನೆಯದಕ್ಕೆ ಬರುವ ಹೊತ್ತಿಗೆ ಕಾಫಿ ಬಂದಿರುತ್ತದೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ.

ಬರಲಿ. ಈ ಸಲ ನಾನು ಕಾಫಿ ಕುಡಿಯದೆ ಕೂರುವವನಿದ್ದೇನೆ. ‘ಎಲ್ಲಿ ಹಾಕಬೇಕು ಅಂತ ನೀವೇ ಹೇಳಿ’ ಎಂದು ಆ ಹುಡುಗಿ ಕೇಳಿದಳಲ್ಲ, ಆ ಪ್ರಶ್ನೆಯನ್ನೇ ಸಭೆಯಲ್ಲಿ ಎದ್ದುನಿಂತು ಕೇಳುತ್ತೇನೆ. ಅವಳಿಗೆ ಉತ್ತರ ಕೊಡುವ ಅವಕಾಶ ನನಗೆ ತಪ್ಪಿಹೋಯಿತು. ಅವಳ ತರುವಾಯ ಆ ಮನೆಗೆ ಬಾಡಿಗೆಗೆ ಬಂದಿರುವ ಗಂಡ ಹೆಂಡತಿಯ ಬಳಿಯೂ ಒಂದು ವಿದ್ಯುತ್ ಸ್ಕೂಟರಿದೆ.